ಶಾಲೆಯಲ್ಲಿ ಬೀಡಿ ಸಿಗರೇಟು: ಅಂದು ಮತ್ತು ಇಂದು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕವನ್ನು ಕಾರ್ಯದರ್ಶಿಗಳು ಈಗ ತಾನೇ ಓದಿದರು. ಎಷ್ಟು ಲೀಟರ್ ಹಾಲು, ಎಷ್ಟು ಬೋನಸ್, ಎಷ್ಟು ಷೇರು ಎಲ್ಲವೂ ಅದರಲ್ಲಿ ಬಂತು. ನಮಗೆ ಕೊಟ್ಟಿರುವ ವಿಷಯ ಬೇರೆ. 'ಸಂಘವೂ ಶಾಲೆಯೂ ಅಕ್ಕಪಕ್ಕದಲ್ಲೇ ಇವೆ, ಅದರ ಬಗ್ಗೆ ನಾಲ್ಕು ಮಾತು ಆಡಿ' ಅಂತ ಅಧ್ಯಕ್ಷರು ಅಪ್ಪಣೆ ಮಾಡಿದರು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ದೊಡ್ಡ ವಿಚಾರ ಹೇಳುವ ಶಕ್ತಿ ನಮಗಿಲ್ಲ. ಆದ್ದರಿಂದ ಕಣ್ಣಾರೆ ಕಂಡ ಒಂದು ಸಂಗತಿಯನ್ನೇ ಆರಿಸಿಕೊಂಡಿದ್ದೇವೆ. ಅದು ಶಾಲೆಯಲ್ಲಿ ಬೀಡಿ ಸಿಗರೇಟಿನ ವಿಷಯ. ಹಾಲಿನ ಹಬ್ಬದಲ್ಲಿ ಬೀಡಿಯ ಮಾತೇಕೆ ಎಂದು ಕೆಲವರು ನಗಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ನಮ್ಮ ಸಂಘ ಇಪ್ಪತ್ತೈದು ವರ್ಷದಲ್ಲಿ ಕೈಬಿಟ್ಟ ಒಂದು ವರಮಾನದ ಕಥೆಯೂ ಇದರಲ್ಲಿದೆ.

ನಾವು ಇದೇ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದು 1985ರಲ್ಲಿ. ಆಗ ಎರಡೇ ಕೊಠಡಿ, ಮೇಲೆ ನಾಡಹೆಂಚು. ಮೇಷ್ಟ್ರು ಬೆಳಿಗ್ಗೆ ಹಾಜರಿ ಕೂಗಿ, ಕುರ್ಚಿಯ ಮೇಲೆ ಕುಳಿತು ಮೊದಲು ಮಾಡುತ್ತಿದ್ದ ಕೆಲಸ ಬೀಡಿ ಹಚ್ಚುವುದು. ನಾವು ಮಗ್ಗಿ ಹೇಳುತ್ತಿದ್ದೆವು, ಅವರು ಹೊಗೆ ಬಿಡುತ್ತಿದ್ದರು. ಬೀಡಿ ಮುಗಿದರೆ ಕ್ಲಾಸಿನಲ್ಲಿ ಚೂಟಿಯಾದ ಹುಡುಗನನ್ನು ಕರೆದು, ಕೈಗೆ ಚಿಲ್ಲರೆ ಕೊಟ್ಟು, 'ಓಡು, ಒಂದು ಕಟ್ಟು ತಗೊಂಡು ಬಾ, ಬೆಂಕಿಪೊಟ್ಟಣ ಮರೀಬೇಡ' ಅನ್ನುತ್ತಿದ್ದರು. ಹಾಗೆ ಓಡುವ ಭಾಗ್ಯ ಯಾರಿಗೆ ಸಿಕ್ಕುತ್ತೋ ಅಂತ ನಾವು ಕಾಯುತ್ತಿದ್ದೆವು. ಅದು ಮೇಷ್ಟ್ರ ಪ್ರೀತಿಯ ಗುರುತು. ಮನೆಯಲ್ಲಿ ಹೇಳಿದರೆ ಅಪ್ಪ ಅಮ್ಮನಿಗೂ ಹೆಮ್ಮೆ.

ಆ ಮೇಷ್ಟ್ರನ್ನು ನಾವು ಹಳಿಯುತ್ತಿಲ್ಲ. ಅವರು ಬಹಳ ಒಳ್ಳೆಯವರು. ಈ ದಿನ ನಾವು ಈ ಮೈಕಿನ ಮುಂದೆ ನಿಂತು ಮಾತಾಡುತ್ತಿದ್ದರೆ ಅದು ಅವರು ತಿದ್ದಿಸಿದ ಅಕ್ಷರದ ಪುಣ್ಯ. ಅದು ಆ ಕಾಲದ ರೂಢಿ. ತಾಲ್ಲೂಕು ಕಚೇರಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಜಗಲಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆಯೂ ಹೊಗೆಯೇ. ಮದುವೆ ಚಪ್ಪರದಲ್ಲಿ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆಗೆ ಬೀಡಿ ಸಿಗರೇಟು ಇಡದಿದ್ದರೆ ಬೀಗರಿಗೆ ಕೋಪ ಬರುತ್ತಿತ್ತು. ಶಾಲೆಯೊಂದೇ ಹೇಗೆ ಬೇರೆಯಾಗಿದ್ದೀತು?

ಆದರೆ ಒಂದು ವಿಚಿತ್ರ ನೋಡಿ. ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಹುಣಸೆಮರದ ಹಿಂದೆ ನಿಂತು ತುಂಡು ಬೀಡಿ ಸೇದಿ ಸಿಕ್ಕಿಬಿದ್ದ. ಮೇಷ್ಟ್ರು ಅವನಿಗೆ ಹುಣಸೆ ಬರಲಿನಲ್ಲೇ ಬಾರಿಸಿದರು, ಎರಡು ದಿನ ಬಿಸಿಲಿನಲ್ಲಿ ನಿಲ್ಲಿಸಿದರು. ವಾರವಾರವೂ ಅವರಿಗೆ ಬೀಡಿ ತಂದುಕೊಡುತ್ತಿದ್ದವನು ಅದೇ ಹುಡುಗ! ನಮಗೆ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಯಾಕೆಂದರೆ ಆಗಿನ ಲೆಕ್ಕದಲ್ಲಿ ಬೀಡಿ ಸೇದುವುದು ಮರ್ಯಾದೆಯ ವಿಷಯ, ಆರೋಗ್ಯದ ವಿಷಯ ಅಲ್ಲ. ದೊಡ್ಡವರು ಸೇದಬಹುದು, ಚಿಕ್ಕವರು ದೊಡ್ಡವರ ಎದುರಿಗೆ ಸೇದಬಾರದು, ಅಷ್ಟೇ. ಅಪ್ಪ ಬರುವುದು ಕಂಡರೆ ಮೂವತ್ತು ವರ್ಷದ ಮಗನೂ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದ. ಅಂದರೆ ನಿಯಮ ಇದ್ದದ್ದು ಹುಡುಗರ ಮೇಲೆ, ಹೊಗೆಯ ಮೇಲೆ ಇರಲಿಲ್ಲ. ಈ ನಲವತ್ತು ವರ್ಷದಲ್ಲಿ ಆಗಿರುವ ದೊಡ್ಡ ಬದಲಾವಣೆ ಇದೇ. ನಿಯಮವು ಹುಡುಗನನ್ನು ಬಿಟ್ಟು ಹೊಗೆಯನ್ನು ಹಿಡಿದುಕೊಂಡಿತು.

ಕಾನೂನಿನ ಕಥೆಯನ್ನೂ ಚುಟುಕಾಗಿ ಹೇಳಿಬಿಡುತ್ತೇವೆ. ಸಿನಿಮಾ ಮಂದಿರಗಳಲ್ಲಿ ಸೇದಬಾರದೆಂದು ನಮ್ಮ ರಾಜ್ಯದಲ್ಲಿ 1963ರಲ್ಲೇ ಕಾಯಿದೆ ಆಗಿತ್ತು. ಸಿಗರೇಟು ಪ್ಯಾಕಿನ ಮೇಲೆ ಆರೋಗ್ಯಕ್ಕೆ ಹಾನಿಕರ ಎಂದು ಬರೆಯಬೇಕೆಂಬ ಕೇಂದ್ರದ ಕಾಯಿದೆ ಬಂದದ್ದು 1975ರಲ್ಲಿ. ಆ ಕಾಯಿದೆಗೆ ಬೀಡಿ ಒಳಪಟ್ಟಿರಲಿಲ್ಲ. ಆದ್ದರಿಂದ ನಮ್ಮ ಹಳ್ಳಿಗಳಲ್ಲಿ 'ಸಿಗರೇಟು ಕೆಟ್ಟದ್ದು, ಬೀಡಿ ಪರವಾಗಿಲ್ಲ' ಎಂಬ ತಪ್ಪು ತಿಳುವಳಿಕೆ ಬಹಳ ಕಾಲ ಉಳಿಯಿತು. 1999ರಲ್ಲಿ ಕೇರಳದ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯಿತು. ಅನಂತರ ಮುಂಬಯಿಯ ಮುರಳಿ ದೇವರಾ ಅವರು ಹಾಕಿದ್ದ ಅರ್ಜಿಯ ಮೇಲೆ 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ ಕಾಲೇಜು, ಗ್ರಂಥಾಲಯ, ಕಚೇರಿ, ಬಸ್ಸು, ರೈಲುಗಳಲ್ಲಿ ಸೇದುವುದನ್ನು ನಿಷೇಧಿಸಬೇಕೆಂದು ಇಡೀ ದೇಶಕ್ಕೆ ಆಜ್ಞೆ ಮಾಡಿತು. ಸೇದದವನು ಬೇರೆಯವರ ಹೊಗೆ ಕುಡಿದು ಯಾಕೆ ಕಾಯಿಲೆ ಬೀಳಬೇಕು ಎಂಬುದೇ ಅದರ ಸಾರಾಂಶ. 2003ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. 2004ರಿಂದ ಅದು ಜಾರಿಗೆ ಬಂತು. ಹದಿನೆಂಟು ವರ್ಷದೊಳಗಿನವರಿಗೆ ಬೀಡಿ ಸಿಗರೇಟು ಮಾರಬಾರದು, ಶಾಲೆ ಕಾಲೇಜುಗಳ ನೂರು ಗಜದ ಒಳಗೆ ಯಾರಿಗೂ ಮಾರಬಾರದು ಎಂದಾಯಿತು. 2008ರ ಗಾಂಧಿ ಜಯಂತಿಯಿಂದ ಹೊಸ ನಿಯಮ ಬಂದು, ಶಾಲೆಯ ಆವರಣದಲ್ಲಿ ಯಾರಾದರೂ ಸೇದಿದರೆ ಅದಕ್ಕೆ ಮುಖ್ಯಸ್ಥರೇ ಜವಾಬ್ದಾರರು ಎಂದಾಯಿತು.

ಇಷ್ಟೆಲ್ಲ ಆದರೂ ನಮ್ಮೂರಿಗೆ ಅದರ ಬಿಸಿ ತಟ್ಟಿದ್ದು 2009ರಲ್ಲಿ. ಅದು ನಮ್ಮ ಸಂಘದ ಕೋಣೆಯಲ್ಲೇ ತಟ್ಟಿತು.

ಆಗ ನಾವು ಆಡಳಿತ ಮಂಡಳಿಗೆ ಹೊಸದಾಗಿ ಬಂದಿದ್ದೆವು. ಡೈರಿ ಕಟ್ಟಡದ ಮುಂಭಾಗದಲ್ಲಿ ಒಂದು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೆವಲ್ಲ, ಅದರಲ್ಲಿ ಒಂದು ಚಿಲ್ಲರೆ ಅಂಗಡಿ ನಡೆಯುತ್ತಿತ್ತು. ಅಂಗಡಿಯವರು ನಮ್ಮ ಸಂಘದ ಸದಸ್ಯರೇ, ಒಂದು ಕಾಲು ಊನ. ಕಡ್ಲೆಮಿಠಾಯಿ, ಸೋಪು, ಬೀಡಿ, ಸಿಗರೇಟು, ಸರದಂತೆ ನೇತುಹಾಕಿದ ಗುಟ್ಕಾ ಚೀಟಿಗಳು. ತಿಂಗಳಿಗೆ 300 ರೂಪಾಯಿ ಬಾಡಿಗೆ. ಹೊಸ ಸಂಘಕ್ಕೆ ಅದು ಸಣ್ಣ ದುಡ್ಡಲ್ಲ, ಕರೆಂಟು ಬಿಲ್ಲು ಅದರಲ್ಲೇ ಹೋಗುತ್ತಿತ್ತು.

ಒಂದು ಸಂಜೆ ಮೀಟಿಂಗ್ ನಡೆಯುತ್ತಿದ್ದಾಗ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಒಂದು ಕಾಗದ ಹಿಡಿದುಕೊಂಡು ಬಂದರು. ಅವರು ಈಗ ನಿವೃತ್ತರು, ಈ ದಿನ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಶಾಲೆಯ ಮುಂದೆ ಬೋರ್ಡು ಹಾಕಬೇಕು, ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ, ತಪ್ಪಿದರೆ 200 ರೂಪಾಯಿವರೆಗೆ ದಂಡ ಎಂದು ಅವರು ಓದುತ್ತಾ ಹೋದರು. ಓದುತ್ತಾ ಓದುತ್ತಾ ಕೆಮ್ಮು ಬಂದು ನಿಲ್ಲಿಸಿದರು. ಆಗ ನಮಗೆ ಅರಿವಾಯಿತು. ಹನ್ನೊಂದು ಜನ ನಿರ್ದೇಶಕರಲ್ಲಿ ಐದು ಜನರ ಕೈಯಲ್ಲಿ ಬೀಡಿ ಉರಿಯುತ್ತಿತ್ತು. ಆ ಐದರಲ್ಲಿ ನಾವೂ ಒಬ್ಬರು.

ಯಾರೋ ಕಿಟಕಿ ತೆರೆದರು. ಹಿರಿಯ ನಿರ್ದೇಶಕರೊಬ್ಬರು, 'ಅಲ್ಲ ಮೇಡಂ, ನಮ್ಮ ಅಂಗಡಿ ನೂರು ಗಜಕ್ಕಿಂತ ದೂರ ಇದೆ ಬುಡಿ' ಅಂದರು. ಮೇಡಂ ಜಗಳ ಆಡಲಿಲ್ಲ. ಮಾರನೆಯ ದಿನ ಮಕ್ಕಳ ಕೈಯಲ್ಲಿ ಲಾಂಗ್ ಜಂಪ್ ಅಳೆಯುವ ಟೇಪು ಕೊಟ್ಟು, ಶಾಲೆಯ ಗೇಟಿನಿಂದ ಅಂಗಡಿಯ ಕಟ್ಟೆಯವರೆಗೆ ಅಳೆಸಿದರು. ನೂರು ಗಜ ಎಂದರೆ ಸುಮಾರು 91 ಮೀಟರು. ನಮ್ಮ ಅಂಗಡಿ ಇದ್ದದ್ದು 58 ಮೀಟರಿನಲ್ಲಿ. ಅಳೆದ ಮಕ್ಕಳಲ್ಲಿ ನಮ್ಮ ಅಣ್ಣನ ಮಗಳೂ ಇದ್ದಳು. ರಾತ್ರಿ ಊಟಕ್ಕೆ ಕುಳಿತಾಗ, 'ಚಿಕ್ಕಪ್ಪಾ, ಐವತ್ತೆಂಟು ಅಂದ್ರೆ ಕಡಿಮೆ ಅಲ್ವಾ?' ಅಂತ ಕೇಳಿದಳು. 'ಹೂಂ ಕಣವ್ವ, ಕಡಿಮೆ' ಅಂದೆವು. ಬೇರೇನು ಹೇಳುವುದು?

ಮುಂದಿನ ಮೀಟಿಂಗ್ ರಾತ್ರಿ ಹನ್ನೊಂದರವರೆಗೆ ನಡೆಯಿತು. ಮೂರು ತಕರಾರು ಎದ್ದವು. ಒಂದು, ಬಾಡಿಗೆ ಹೋದರೆ ಸಂಘಕ್ಕೆ ನಷ್ಟ. ಎರಡು, ಆ ಬಡವ ಏನು ಮಾಡಬೇಕು? ಅಂಗಡಿಯ ಲಾಭದಲ್ಲಿ ಹೆಚ್ಚು ಪಾಲು ಬೀಡಿ ಗುಟ್ಕಾದಿಂದಲೇ ಬರುತ್ತಿತ್ತು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. 'ಹೊಲದಲ್ಲಿ ಹೊಗೆಸೊಪ್ಪು ಬೆಳೆಯೋರು ನಾವೇ. ಅಂಗಡೀಲಿ ಮಾರಬೇಡ ಅನ್ನೋಕೆ ನಮಗೆ ಯಾವ ಮೋರೆ ಇದೆ?' ಅಂತ ಒಬ್ಬರು ಕೇಳಿದರು. ಕೋಣೆ ಸುಮ್ಮನಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಯವರಿಗೆ ಈ ಮಾತಿನ ನೋವು ಗೊತ್ತು. ನಮ್ಮದು ಬೀಡಿಯ ಸೊಪ್ಪಲ್ಲ, ಅದು ನಿಪ್ಪಾಣಿ ಕಡೆಯದು. ನಾವು ಬೆಳೆಯುವುದು ಸಿಗರೇಟಿನ ಸೊಪ್ಪು. ತಂಬಾಕು ಮಂಡಳಿಯ ಲೈಸೆನ್ಸ್ ಪಡೆದು, ಬ್ಯಾರನ್ನಿನಲ್ಲಿ ಬೇಯಿಸಿ, ಹರಾಜು ಕಟ್ಟೆಗೆ ಹಾಕಿ ಮನೆ ಕಟ್ಟಿದವರು, ಹೆಣ್ಣುಮಕ್ಕಳ ಮದುವೆ ಮಾಡಿದವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ.

ಆಗ ಅಧ್ಯಕ್ಷರಾಗಿದ್ದ ಹಿರಿಯರು ಈಗ ನಮ್ಮೊಂದಿಗಿಲ್ಲ. ಅವರು ಹೇಳಿದ ಮಾತು ಇವತ್ತಿಗೂ ನೆನಪಿದೆ. 'ಹೊಲದ್ದು ಹೊಟ್ಟೆಪಾಡು, ಅದನ್ನ ಒಂದೇ ದಿನದಲ್ಲಿ ಬಿಡೋಕಾಗಲ್ಲ. ಹಂಗಂತ ಬಿಡೋಕಾಗೋದನ್ನೂ ಬಿಡದೇ ಇರೋದು ಯಾವ ನ್ಯಾಯ?' ಆ ಮೇಲೆ ಚರ್ಚೆ ಬೇಗ ಮುಗಿಯಿತು. ಮಳಿಗೆಯಲ್ಲಿ ಬೀಡಿ, ಸಿಗರೇಟು, ಗುಟ್ಕಾ ಯಾವುದನ್ನೂ ಮಾರತಕ್ಕದ್ದಲ್ಲ. ಅದಕ್ಕೆ ಬದಲಾಗಿ ಒಂದು ವರ್ಷ ಬಾಡಿಗೆ ಬೇಡ. ನೋಟ್‌ಬುಕ್ಕು, ಪೆನ್ನು, ನಂದಿನಿ ತುಪ್ಪ, ಪೇಡ ಇಟ್ಟು ಮಾರಲು ಸಂಘದಿಂದ ನೆರವು. ಡೈರಿಯ ಆವರಣದಲ್ಲಿಯೂ ಯಾರೂ ಸೇದತಕ್ಕದ್ದಲ್ಲ, ಸೇದಿದರೆ 10 ರೂಪಾಯಿ ದಂಡ. ಹೀಗೆ ಠರಾವು ಬರೆದು ಸಹಿ ಹಾಕಿದೆವು.

ಡೈರಿಯ ನಿಯಮ ಯಾಕೆ ಸೇರಿಸಿದೆವು ಎಂದರೆ, ಬೆಳಿಗ್ಗೆ ಹಾಲು ಹಾಕಲು ಬರುವವರಲ್ಲಿ ಅರ್ಧ ಮಕ್ಕಳೇ. ಕ್ಯಾನು ಇಳಿಸಿ ಹಾಗೇ ಶಾಲೆಗೆ ಹೋಗುತ್ತವೆ. ಸಾಲಿನಲ್ಲಿ ಮುಂದೆ ನಿಂತ ದೊಡ್ಡವರು ಬೀಡಿ ಸೇದಿದರೆ ಹಿಂದೆ ನಿಂತ ಮಗುವಿನ ಮುಖಕ್ಕೇ ಹೊಗೆ. ಶಾಲೆಯಲ್ಲಿ ಬೇಡವಾದದ್ದು ಶಾಲೆಯ ದಾರಿಯಲ್ಲಿ ಹೇಗೆ ಸರಿ?

ಮೊದಲನೇ ದಂಡದ ರಶೀದಿ ಯಾರ ಹೆಸರಿಗೆ ಹರಿಯಿತು ಗೊತ್ತೇ? ನಮ್ಮ ಹೆಸರಿಗೇ! ಠರಾವು ಮಾಡಿದ ನಾಲ್ಕನೇ ದಿನ, ಮಂಜು ಬಿದ್ದ ಬೆಳಿಗ್ಗೆ, ಕೈ ತಾನಾಗೇ ಜೇಬಿಗೆ ಹೋಗಿ ಬೀಡಿ ಹಚ್ಚಿಬಿಟ್ಟೆವು. ಹಾಲು ಅಳೆಯುವ ಹುಡುಗ ಮೆಲ್ಲಗೆ, 'ಅಣ್ಣಾ, ಹತ್ತು ರೂಪಾಯಿ' ಅಂದ. ಸಾಲಿನಲ್ಲಿದ್ದ ಮಕ್ಕಳೆಲ್ಲ ನಕ್ಕರು. ಕಟ್ಟಿದೆವು. ಆ ರಶೀದಿ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಅಂದೇ ಬಿಟ್ಟೆವು ಅಂತ ಸುಳ್ಳು ಹೇಳುವುದಿಲ್ಲ. ಪೂರ್ತಿ ಬಿಡಲು ಇನ್ನೂ ಐದು ವರ್ಷ ಬೇಕಾಯಿತು. ಎರಡು ಸಲ ಬಿಟ್ಟು ಮತ್ತೆ ಹಿಡಿದೆವು. ಅಭ್ಯಾಸ ಹತ್ತಿದ ಮೇಲೆ ಬಿಡುವುದು ಎಷ್ಟು ಕಷ್ಟ ಅಂತ ತಿಳಿದೇ ಹೇಳುತ್ತಿದ್ದೇವೆ, ಹತ್ತಿಸಿಕೊಳ್ಳದೇ ಇರುವುದೇ ಸುಲಭ.

ಎಲ್ಲವೂ ಸರಿಹೋಯಿತೇ ಎಂದರೆ ಇಲ್ಲ. ನಮ್ಮ ಅಂಗಡಿಯಲ್ಲಿ ನಿಂತ ವ್ಯಾಪಾರ ಬಸ್ ಸ್ಟ್ಯಾಂಡಿನ ಹತ್ತಿರ ಶುರುವಾಯಿತು. ಅದು ನೂರು ಗಜದ ಆಚೆಗಿದೆ, ಕಾನೂನಿಗೆ ತಪ್ಪಿಲ್ಲ. ಹೈಸ್ಕೂಲಿನ ಕೆಲವು ಹುಡುಗರು ಬೀಡಿ ಬಿಟ್ಟು ಗುಟ್ಕಾ ಹಿಡಿದರು. ಅದರಲ್ಲಿ ಹೊಗೆ ಇಲ್ಲ, ಮೇಷ್ಟ್ರಿಗೆ ಗೊತ್ತಾಗುವುದಿಲ್ಲ. 2013ರ ಮೇ ತಿಂಗಳಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಬೆರೆಸಿ ಬಾಯಿಗೆ ಹಾಕುವುದು ಶುರುವಾಯಿತು. ಕಾನೂನು ಒಂದು ಬಾಗಿಲು ಮುಚ್ಚಿದರೆ ಚಟ ಇನ್ನೊಂದು ಕಿಂಡಿ ಹುಡುಕುತ್ತದೆ.

ಆದರೂ ಬದಲಾವಣೆ ಆಗಿದೆ. 2009-10ರಲ್ಲಿ ದೊಡ್ಡವರ ಸಮೀಕ್ಷೆ ನಡೆದಾಗ ನಮ್ಮ ರಾಜ್ಯದಲ್ಲಿ ನೂರಕ್ಕೆ 28 ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ರ ಸಮೀಕ್ಷೆಯಲ್ಲಿ ಅದು ಸುಮಾರು 23ಕ್ಕೆ ಇಳಿದಿತ್ತು. 2019ರಲ್ಲಿ 13ರಿಂದ 15 ವರ್ಷದ ಶಾಲಾಮಕ್ಕಳ ಸಮೀಕ್ಷೆ ದೇಶದಾದ್ಯಂತ ನಡೆಯಿತು. ದೇಶದಲ್ಲಿ ನೂರಕ್ಕೆ ಎಂಟೂವರೆ ಮಕ್ಕಳು ತಂಬಾಕು ಬಳಸುತ್ತಿದ್ದರೆ, ಕರ್ನಾಟಕದಲ್ಲಿ ಆ ಸಂಖ್ಯೆ ಬಹಳ ಕಡಿಮೆ, ನೂರಕ್ಕೆ 1.2 ಮಾತ್ರ. ಸಂತೋಷದ ಸುದ್ದಿ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ. ದೇಶದಲ್ಲಿ ಬೀಡಿ ಸೇದಿದ ಮಕ್ಕಳಲ್ಲಿ ನೂರಕ್ಕೆ 47 ಮಂದಿ ಶುರು ಮಾಡಿದ್ದು ಹತ್ತು ವರ್ಷ ತುಂಬುವ ಮೊದಲೇ. ಹತ್ತು ವರ್ಷ ಎಂದರೆ ನಾಲ್ಕನೇ, ಐದನೇ ಕ್ಲಾಸು. ಮೇಷ್ಟ್ರಿಗೆ ಬೀಡಿ ತರಲು ನಾವು ಓಡುತ್ತಿದ್ದ ವಯಸ್ಸು! ಅಂಗಡಿಯಿಂದ ಶಾಲೆಗೆ ಬರುವ ಆ ದಾರಿಯಲ್ಲಿ ಒಂದು ಬೀಡಿ ಕಡಿಮೆಯಾದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾವು ಮೊದಲ ಬೀಡಿ ಸೇದಿದ್ದೂ ಹಾಗೆಯೇ.

ಈಚೆಗೆ ನಿಯಮ ಇನ್ನೂ ಬಿಗಿಯಾಗಿದೆ. ಮಕ್ಕಳಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಬೀಡಿ ತರಲು ಮಗುವಿನ ಕೈಗೆ ದುಡ್ಡು ಕೊಡುವವರು ಇದನ್ನು ನೆನಪಿಡಬೇಕು. ಬ್ಯಾಟರಿ ಸಿಗರೇಟು, ಅಂದರೆ ಇ-ಸಿಗರೇಟನ್ನು 2019ರಲ್ಲಿ ದೇಶದಲ್ಲೇ ನಿಷೇಧಿಸಿದರು. ನೋಡಲು ಪೆನ್ನಿನಂತೆ ಇರುತ್ತದೆ, ತಂದೆತಾಯಿಗಳು ಮೋಸ ಹೋಗಬಾರದು. ಅದೇ ವರ್ಷ ಶಾಲೆಗಳಿಗೆ ಹೊಸ ಸೂಚನೆ ಬಂದು, ನೂರು ಗಜದ ಗಡಿಯಲ್ಲಿ ರಸ್ತೆಯ ಮೇಲೆ ಹಳದಿ ಗೆರೆ ಎಳೆಯುವ ಪದ್ಧತಿ ಶುರುವಾಯಿತು. ನಮ್ಮ ರಾಜ್ಯದ ತಿದ್ದುಪಡಿ ಕಾಯಿದೆ 2025ರಲ್ಲಿ ಜಾರಿಗೆ ಬಂದಿದೆ. ಅದರ ಪ್ರಕಾರ ಹದಿನೆಂಟಲ್ಲ, 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಶಾಲೆಯಿಂದ ನೂರು ಮೀಟರಿನ ಒಳಗೆ ಮಾರುವಂತಿಲ್ಲ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. 200 ರೂಪಾಯಿ ಇದ್ದ ದಂಡ 1000ಕ್ಕೆ ಏರಿದೆ.

ಮಹನೀಯರೇ, ಗಜ ಹೋಗಿ ಮೀಟರು ಬಂತು, ಇನ್ನೂರು ಹೋಗಿ ಸಾವಿರ ಬಂತು. ಆದರೆ ಮಕ್ಕಳು ಟೇಪಿನಲ್ಲಿ ಅಳೆಯುವುದು ಅಂಗಡಿಯನ್ನು ಮಾತ್ರ. ನಮ್ಮನ್ನು ಅವರು ಕಣ್ಣಿನಲ್ಲೇ ಅಳೆಯುತ್ತಾರೆ. ಅದಕ್ಕೆ ಯಾವ ಗಡಿಯೂ ಇಲ್ಲ. ಈ ಬೆಳ್ಳಿಹಬ್ಬದ ದಿನ ಸದಸ್ಯರಲ್ಲಿ ನಮ್ಮ ಬೇಡಿಕೆ ಮೂರು.

ಒಂದು, ಯಾವ ಮಗುವನ್ನೂ ಬೀಡಿ ಸಿಗರೇಟು ತರಲು ಅಂಗಡಿಗೆ ಕಳುಹಿಸಬೇಡಿ. ಸೇದಲೇಬೇಕೆನ್ನುವವರು ತಾವೇ ಎದ್ದು ಹೋಗಿ ತನ್ನಿ. ಅಷ್ಟು ದೂರ ನಡೆದಾದರೂ ಒಂದು ಬೀಡಿ ಕಡಿಮೆಯಾಗಲಿ.

ಎರಡು, ಸೊಪ್ಪು ಬೇಯಿಸುವ ಕಾಲದಲ್ಲಿ ಶಾಲೆ ಬಿಡಿಸಿ ಮಕ್ಕಳನ್ನು ಕಡ್ಡಿಗೆ ಸೊಪ್ಪು ಕಟ್ಟಲು ಕೂರಿಸಬೇಡಿ. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿದರೆ ಅದರ ನಿಕೋಟಿನ್ ಚರ್ಮದಲ್ಲೇ ಒಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ ಬರುವುದು ಅದಕ್ಕೇ. ಸೇದದೇ ಇರುವ ಮಗುವಿಗೂ ನಾವು ತಂಬಾಕು ಉಣಿಸಿದಂತಾಗುತ್ತದೆ.

ಮೂರು, ಹೊಲದ ಮಾತು. ತಂಬಾಕು ಬಿಡಿ ಎಂದು ಹೇಳುವ ಯೋಗ್ಯತೆ ನಮಗಿಲ್ಲ. ನಮ್ಮ ಎರಡು ಎಕರೆಯಲ್ಲಿ ಈ ವರ್ಷವೂ ಸೊಪ್ಪು ಇದೆ. ಮೊದಲು ನಾಲ್ಕು ಎಕರೆ ಇತ್ತು. ಉಳಿದ ಎರಡರಲ್ಲಿ ಈಗ ಜೋಳ, ಸೀಮೆಹುಲ್ಲು. ಕೊಟ್ಟಿಗೆಯಲ್ಲಿ ಮೂರು ಹಸು. ವರ್ಷಕ್ಕೊಮ್ಮೆ ಬರುವ ಹರಾಜಿನ ದುಡ್ಡಿಗೆ ಬಾಯಿಬಿಟ್ಟು ಕೂತಿದ್ದವರಿಗೆ ಹಾಲಿನ ಬಟವಾಡೆ ಧೈರ್ಯ ಕೊಟ್ಟಿತು. ಆ ಧೈರ್ಯ ಕೊಟ್ಟದ್ದು ಈ ಸಂಘ. ಸಂಘ ಬೆಳೆದಷ್ಟೂ ಸೊಪ್ಪಿನ ಹೊಲ ಕಿರಿದಾಗುವ ದಾರಿ ಇದೆ ಎಂದು ನಮ್ಮ ನಂಬಿಕೆ.

ಕೊನೆಗೆ ಅಂಗಡಿಯವರ ಮಾತು ಹೇಳಿ ಮುಗಿಸುತ್ತೇವೆ. ಮೊದಲ ಆರು ತಿಂಗಳು ಅವರು ನಮ್ಮನ್ನು ಮಾತಾಡಿಸಲಿಲ್ಲ. ಅವರ ಕೋಪ ನ್ಯಾಯವಾದದ್ದೇ. ಒಂದು ವರ್ಷ ಬಾಡಿಗೆ ಬಿಟ್ಟದ್ದು ಅವರ ನಷ್ಟವನ್ನು ಪೂರ್ತಿ ತುಂಬಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಆದರೂ ಅವರು ಠರಾವನ್ನು ಒಂದು ದಿನವೂ ಮೀರಲಿಲ್ಲ. ಈಗ ಅದೇ ಅಂಗಡಿಯಲ್ಲಿ ಅವರ ಮಗ ಕೂರುತ್ತಾರೆ. ನೋಟ್‌ಬುಕ್ಕು, ಪೇಡ, ಮಜ್ಜಿಗೆ ಮಾರುತ್ತಾರೆ. ಬೆಳ್ಳಿಹಬ್ಬದ ಸನ್ಮಾನದ ಪಟ್ಟಿಯಲ್ಲಿ ಹೆಚ್ಚು ಹಾಲು ಹಾಕಿದವರ ಜೊತೆಗೆ ಆ ಹಿರಿಯರ ಹೆಸರೂ ಇದೆ. ಅದು ನ್ಯಾಯವೇ. ಊರಿನ ಮಕ್ಕಳಿಗಾಗಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅವರು. 'ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ' ಎಂದು ನಮ್ಮ ಸಂಘದ ಗೋಡೆಯ ಮೇಲೆ ಬರೆದಿದೆಯಲ್ಲ, ಅದರ ಮೊದಲರ್ಧವನ್ನು ಅವರು ನಡೆಸಿ ತೋರಿಸಿದರು. ಉಳಿದರ್ಧ ನಮ್ಮ ಮೇಲಿದೆ.

ನಮ್ಮ ಒರಟು ಮಾತುಗಳಲ್ಲಿ ತಪ್ಪಿದ್ದರೆ ಕ್ಷಮಿಸಬೇಕು. 

ಜೈ ಸಹಕಾರ. ಜೈ ಕರ್ನಾಟಕ.